ದೂರದ ತಿರುವಿನಲ್ಲಿ ಎಂಜಿನ್ ತೆವಳುವುದೇಕೆ

ನಿಮ್ಮ ಎಚ್‌ಒ ಅಳತೆಯ (ನಿಜದ ಗಾಡಿಯ 87ರಲ್ಲಿ ಒಂದು ಪಾಲು, 1:87) ಮಾದರಿ ರೈಲಿನ ಎಂಜಿನ್, ಹಳಿಗೆ ವಿದ್ಯುತ್ತು ಕೊಡುವ ಕಂಟ್ರೋಲರಿನ ಹತ್ತಿರ ಚೆನ್ನಾಗಿ ಓಡಿ, ದೂರದ ತಿರುವಿನಲ್ಲಿ ಮಾತ್ರ ತೆವಳುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಮೋಟರು ಬದಲಿಸುವ ಅಗತ್ಯ ಬಹುಶಃ ಇಲ್ಲ. ಹಳಿಗಳನ್ನು ಕೂಡಿಸುವ ಪ್ರತಿ ಜಾಯಿನರಿನಲ್ಲಿಯೂ ಒಂದಿಷ್ಟು ವೋಲ್ಟೇಜ್ ಕಳೆಯುವುದರಿಂದ, ಒಂದೇ ಕಡೆಯಿಂದ ಕೊಟ್ಟ 12 ವೋಲ್ಟಿನ ಡಿಸಿ ವಿದ್ಯುತ್ತು ದೂರದ ಹಳಿಗೆ ಕಡಿಮೆಯಾಗಿ ತಲುಪುತ್ತದೆ. ಹಳಿ ಹಾಸಿದ ಹಲಗೆಯ ಕೆಳಗೆ ಕಂಟ್ರೋಲರಿನಿಂದ ದಪ್ಪನೆಯ ಎರಡು ತಾಮ್ರದ ತಂತಿಗಳನ್ನು ಎಳೆದು, ಮೀಟರಿಗೊಂದು ಕಡೆ ಅವುಗಳಿಂದ ಸಣ್ಣ ತಂತಿಗಳನ್ನು ಮೇಲೆ ತಂದು ಹಳಿಗಳ ಹೊರಬದಿಗೆ ಬೆಸುಗೆ ಹಾಕಿರಿ; ಎಡ ಹಳಿಯ ತಂತಿ, ಬಲ ಹಳಿಯ ತಂತಿ ಅದಲುಬದಲಾದರೆ ಶಾರ್ಟ್ ಆಗುತ್ತದೆ. ಗದಗಿನ ನಮ್ಮ ಮನೆಯಲ್ಲಿ ಎರೆಮಣ್ಣಿನ ಧೂಳೂ ಇದೇ ಕಾಟ ಕೊಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ, ಗಾಲಿಗಳನ್ನು ಒರೆಸಿರಿ. ಪಾಲಿಶ್ ಪೇಪರ್ ಬೇಡ, ಅದರ ಗೀರುಗಳಲ್ಲಿ ಕೊಳೆ ಬೇಗ ಕೂರುತ್ತದೆ. ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರ್ಮನ್ನು 1:87ರಲ್ಲಿ ಪೂರ್ತಿ ಕಟ್ಟುವ ನಿಮ್ಮ ಆಸೆಗೆ 17 ಮೀಟರಿಗೂ ಹೆಚ್ಚು ಉದ್ದದ ಕೋಣೆ ಬೇಕು. 3 ಮೀಟರಿಗೆ ಇಳಿಸಿದರೂ ಆರು ಡಬ್ಬಿಗಳ ಗಾಡಿ ಅಲ್ಲಿ ಧಾರಾಳವಾಗಿ ನಿಲ್ಲುತ್ತದೆ.