ಅವನು ಅವಳನ್ನು ಏನೆಂದು ಕರೆಯುತ್ತಾನೆ?

ತೀರ್ಥಹಳ್ಳಿಯ ಓದುಗರೊಬ್ಬರ ಪತ್ರದ ಸಾರ: ಹದಿಹರೆಯದವರಿಗೆಂದು ಬರೆದ ಮಾಯಾಲೋಕದ ಕಾದಂಬರಿಯ ಮೊದಲ ಭಾಗ ಮುಗಿದಿದೆ. ಅದರ ಕೊನೆಗೆ ನಾಯಕಿಗೆ ಮಂತ್ರಶಕ್ತಿ, ಸಿಂಹಾಸನ, ಮೆಚ್ಚಿದ ಹುಡುಗ ಎಲ್ಲವೂ ಸಿಕ್ಕಿದೆ. ಎರಡನೇ ಭಾಗದ ಆರು ಅಧ್ಯಾಯ ಬರೆದರೂ ಕತೆ ಮೇಲೇಳುತ್ತಿಲ್ಲ. ಹೊಸ ಖಳನನ್ನು ತರಬೇಕೇ?

ಸದ್ಯಕ್ಕೆ ಬೇಡ. ಮೊದಲ ಭಾಗದಲ್ಲಿ ಒಂದು ದೀಪ ಹೊತ್ತಿಸಿದರೆ ನಿಮ್ಮ ನಾಯಕಿಗೆ ಎರಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈಗ ನದಿಯನ್ನೇ ತಿರುಗಿಸಿ ಬಂದು ಹಾಯಾಗಿ ಊಟಕ್ಕೆ ಕೂರುತ್ತಾಳೆ. ಮಂತ್ರ ಪುಕ್ಕಟೆಯಾದ ಮೇಲೆ ಎಂಥ ಖಳ ಬಂದರೂ ಓದುಗರಿಗೆ ದಿಗಿಲಾಗದು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಏನು ಮಾಡಿದಳು, ಏನು ತೆತ್ತಳು, ಯಾರು ನೋಡಿದರು. ಆರು ಅಧ್ಯಾಯಗಳ ಪ್ರತಿ ಮಂತ್ರವನ್ನೂ ಅಲ್ಲಿ ದಾಖಲಿಸಿ. ನಿಮ್ಮ ಎರಡನೇ ಕಾಲಂ ಬಹುಪಾಲು ಖಾಲಿ ಉಳಿಯುತ್ತದೆ. ಮೊದಲ ಭಾಗದಲ್ಲಿ ಅವಳ ಮೈ ತೆರುತ್ತಿತ್ತು. ರಾಣಿಯಾದ ಮೇಲೆ ಬೇರೆಯವರ ಮೈ ತೆರಬೇಕು.

ಇನ್ನೊಂದು ತೊಡಕು ಪದದ್ದು. ಮೂರನೇ ಅಧ್ಯಾಯದ ಒಂದೇ ಪುಟದಲ್ಲಿ 'ಶಕ್ತಿ' ಒಂಬತ್ತು ಸಲ ಬಂದಿದೆ; ನಾಲ್ಕು ಕಡೆ ಮಂತ್ರದ ಬಲ, ಐದು ಕಡೆ ಅಧಿಕಾರ. ಕನ್ನಡದಲ್ಲಿ ಇವು ಬೇರೆ ಬೇರೆ ಪದಗಳಾಗಿರುವುದು ನಿಮ್ಮ ಭಾಗ್ಯ. ಒಬ್ಬರ ಕೈಯಲ್ಲಿ ಶಕ್ತಿ, ಇನ್ನೊಬ್ಬರ ಕೈಯಲ್ಲಿ ಅಧಿಕಾರ ಇಟ್ಟು ನೋಡಿ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಮಾಡಿದ್ದು ಇದನ್ನೇ. ಅವರ 'ಅರ್ತ್‌ಸೀ' ಮಾಯಾಲೋಕ ಸರಣಿಯ 1968ರ ಮೊದಲ ಕಾದಂಬರಿಯ ಕೊನೆಗೆ ಮಾಂತ್ರಿಕ ಗೆಡ್ ಗಟ್ಟಿಗನಾಗಿಬಿಟ್ಟಿದ್ದ. 1971ರ ಎರಡನೇ ಕಾದಂಬರಿಯಲ್ಲಿ ಲೇಖಕಿ ಅವನನ್ನು ಬದಿಗಿಟ್ಟು, ನೆಲದಡಿಯ ಗೋರಿಗಳನ್ನು ಕಾಯುವ ಅರ್ಚಕಿ ಹುಡುಗಿಯ ಕಣ್ಣಿಂದ ಕತೆ ಹೇಳಿದರು. ಹನ್ನೆರಡು ಅಧ್ಯಾಯಗಳಲ್ಲಿ ಗೆಡ್ ಕಾಣಿಸುವುದು ಐದನೆಯದರಲ್ಲಿ, ಅದೂ ಬೆಳಕು ನಿಷಿದ್ಧವಾದ ಜಾಗದಲ್ಲಿ ಬೆಳಕು ಹಿಡಿದ ಕಳ್ಳನಾಗಿ. ಮಂತ್ರ ಬಲ್ಲವನು ಅವನು, ಅವನನ್ನು ಕೊಲ್ಲುವ ಉಳಿಸುವ ಅಧಿಕಾರ ಅವಳದು. ಅವನು ಹುಡುಕಿ ಬಂದದ್ದು ಒಂದು ಮುರಿದ ಉಂಗುರದ ಅರ್ಧವನ್ನು; ಇನ್ನರ್ಧವನ್ನು ಮೊದಲ ಕಾದಂಬರಿಯಲ್ಲೇ ಒಬ್ಬ ಮುದುಕಿ ಅವನ ಕೈಗಿಟ್ಟಿದ್ದಳು, ಅದೇನೆಂದು ಆಗ ಅವನಿಗೆ ತಿಳಿದಿರಲಿಲ್ಲ. ನಿಮ್ಮ ಮೊದಲ ಭಾಗದಲ್ಲೂ ಇಂಥ ಅನಾಥ ವಸ್ತು ಇದ್ದೇ ಇರುತ್ತದೆ, ಹುಡುಕಿ.

ಆ ಅರ್ಚಕಿ ಹುಡುಗಿಯ ಹುಟ್ಟುಹೆಸರು ಟೆನಾರ್. ಗುಡಿಗೆ ಒಪ್ಪಿಸಿದಾಗ ಕಿತ್ತುಕೊಂಡಿದ್ದ ಆ ಹೆಸರು ಹಿಡಿದು ಗೆಡ್ ಅವಳನ್ನು ಕರೆದಾಗ ಕತೆ ತಿರುಗುತ್ತದೆ. ನಿಮ್ಮ ಬಳಿ ಅದಕ್ಕಿಂತ ಹರಿತವಾದ ಸಾಧನವಿದೆ, ಸರ್ವನಾಮ. ನಿಮ್ಮ ಹುಡುಗ ಪಟ್ಟಾಭಿಷೇಕಕ್ಕೆ ಮುಂಚೆಯೂ ಆಮೇಲೂ 'ನೀನು' ಅಂತಲೇ ಅನ್ನುತ್ತಿದ್ದಾನೆ, ತುಂಬಿದ ಸಭೆಯಲ್ಲೂ! ಮೊದಲು ಸಭೆಯಲ್ಲಿ 'ತಾವು', ಹಿತ್ತಲಲ್ಲಿ 'ನೀನು' ಎಂದು ಬೇರ್ಪಡಿಸಿ. ನದಿ ತಿರುಗಿಸಿದ ರಾತ್ರಿಯಿಂದ ಅವನು ಸರ್ವನಾಮವನ್ನೇ ನುಂಗಲಿ. "ಊಟ ಆಯ್ತಾ?" "ನಿದ್ದೆ ಬಂತಾ?" ಏಕವಚನವೋ ಬಹುವಚನವೋ ಗೊತ್ತಾಗದ ಇಂಥ ವಾಕ್ಯಗಳ ಮರೆಯಲ್ಲಿ ನಾವೆಲ್ಲ ಎಷ್ಟು ಸಲ ಅಡಗಿಲ್ಲ! ಎರಡು ಅಧ್ಯಾಯ ಹೀಗೆ ಸಾಗಿದ ಮೇಲೆ ಒಂದು ದಿನ, ಇಬ್ಬರೇ ಇರುವಾಗ, "ಮಲಗಿ, ಹೊತ್ತಾಯಿತು" ಅನ್ನಲಿ. 'ಮಲಗು' 'ಮಲಗಿ' ಆಗುವಲ್ಲಿ ಬದಲಾಗುವುದು ಒಂದೇ ಸ್ವರ. ವಿವರಣೆ ಸೇರಿಸಬೇಡಿ, ಅವಳು ದೀಪ ಆರಿಸಿದರೆ ಸಾಕು. ನಾಲ್ಕನೇ ಅಧ್ಯಾಯದ ಜಗಳವನ್ನು ಪೂರ್ತಿ ತೆಗೆಯಬಹುದು.

ಹಿಂದಿನ ಕತೆಯ ಏಳು ಪುಟಗಳ ಸಾರಾಂಶವನ್ನು ಅರ್ಧ ಪುಟಕ್ಕಿಳಿಸಿ. ಉಳಿದದ್ದನ್ನು ಬೇಕಾದಾಗ ಬೇಕಾದಷ್ಟೇ ಹೇಳಿ.

ಖಳ ಬೇಕೇ ಬೇಕೆಂದರೆ, ಎರಡನೇ ಅಧ್ಯಾಯದಲ್ಲಿ ಕೈಮುಗಿದು ಒಂದೇ ಮಾತಾಡಿ ಹೋದ ನೀರುಗಂಟಿ ಇದ್ದಾನಲ್ಲ, ಅವನ ಕಾಲುವೆಗೆ ಈಗ ನೀರು ಬರುತ್ತಿಲ್ಲ. ಏಳನೇ ಅಧ್ಯಾಯವನ್ನು ಅವನ ಮನೆಯಿಂದ ಶುರುಮಾಡಿ.

— ಸಂ.