ಬಾಚಣಿಗೆಯಲ್ಲೂ ಜಾಜ್ ನುಡಿಸಿದವರು

ಪ್ರಶ್ನೆ: 1920ರ ದಶಕದ ಒಂದು ಜಾಜ್ ಬ್ಯಾಂಡ್ ಫೋಟೊದಲ್ಲಿ ಒಬ್ಬರ ಕೈಯಲ್ಲಿ ಆಟಿಕೆ ಸ್ಯಾಕ್ಸೊಫೋನ್ ಥರದ್ದು ಕಂಡೆ. ಹೆಸರು ಗೂಫಸ್ ಅಂತ ಬರೆದಿತ್ತು. ರೆಕಾರ್ಡ್ ಹುಡುಕಿ ಕೇಳಿದರೆ ಅದು ಸ್ಯಾಕ್ಸೊಫೋನ್ ದನಿಯೇ ಅಲ್ಲ. ಏನಿದು? ಸುಮ್ನೆ ಜನರನ್ನು ನಗಿಸೋಕೆ ಇಟ್ಟುಕೊಂಡಿದ್ದಾ?
– ಧಾರವಾಡದ ಓದುಗರು

ಉತ್ತರ: ನಿಮ್ಮ ಕಿವಿ ಹೇಳಿದ್ದೇ ಸರಿ. ಗೂಫಸ್ ಹೊರಗಿನಿಂದ ಮಾತ್ರ ಸ್ಯಾಕ್ಸೊಫೋನ್. ಒಳಗೆ ಅದು ನಮ್ಮ ಹಾರ್ಮೋನಿಯಂ, ಮೌತ್ ಆರ್ಗನ್‌ಗಳ ಜಾತಿಗೆ ಸೇರಿದ್ದು. ಸ್ಯಾಕ್ಸೊಫೋನ್‌ಗೆ ಇರುವುದು ಬೆತ್ತದ ಒಂದೇ ರೀಡ್, ಅಂದರೆ ಉಸಿರಿಗೆ ಅದುರಿ ದನಿ ಕೊಡುವ ತೆಳು ಪಟ್ಟಿ. ಬೆರಳು ಆಡಿಸಿದಾಗ ಕೊಳವೆಯೊಳಗೆ ಅದುರುವ ಗಾಳಿಯ ಉದ್ದ ಬದಲಾಗಿ ಸ್ವರ ಬದಲಾಗುತ್ತದೆ. ಗೂಫಸ್‌ನಲ್ಲಿ ಹಾಗಲ್ಲ. ಒಂದೊಂದು ಸ್ವರಕ್ಕೂ ಒಂದೊಂದು ಲೋಹದ ರೀಡ್ ಇರುತ್ತದೆ. ಗುಂಡಿ ಒತ್ತಿದರೆ ಆ ರೀಡಿಗೆ ಉಸಿರು ಹೋಗುತ್ತದೆ. ಹಾಗಾಗಿ ಎರಡು ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಎರಡು ಮೂರು ಸ್ವರ ಒಟ್ಟಿಗೇ ಬರುತ್ತವೆ. ಸ್ಯಾಕ್ಸೊಫೋನ್‌ನಲ್ಲಿ ಇದು ಸುಲಭಕ್ಕೆ ಸಾಧ್ಯವಿಲ್ಲ.

ಇದನ್ನು ಮಾಡಿದ್ದು ಫ್ರಾನ್ಸ್‌ನ ಕ್ವೆನೋನ್ ಕಂಪನಿ. ಅವರು ಇಟ್ಟ ಹೆಸರು ಕ್ವೆನೊಫೋನ್. ಅಮೆರಿಕದ ವಾದ್ಯಗಾರರ ಬಾಯಲ್ಲಿ ಅದು ಗೂಫಸ್ ಆಯಿತು. ಅದಕ್ಕೆ ಹೆಸರು ತಂದವರು ನ್ಯೂಯಾರ್ಕಿನ ಏಡ್ರಿಯನ್ ರೊಲಿನಿ. ಕ್ಯಾಲಿಫೋರ್ನಿಯಾ ರ‍್ಯಾಂಬ್ಲರ್ಸ್ ಎನ್ನುವ ದೊಡ್ಡ ಡ್ಯಾನ್ಸ್ ಬ್ಯಾಂಡಿನಲ್ಲಿ ಅವರು ಬೇಸ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಅದೇ ಬ್ಯಾಂಡಿನಿಂದ ಕೆಲವರನ್ನು ಆರಿಸಿಕೊಂಡು ಓಕೆ (Okeh) ಎಂಬ ರೆಕಾರ್ಡ್ ಕಂಪನಿಗೆ ರೆಕಾರ್ಡ್ ಮಾಡಿದಾಗ ತಂಡದ ಹೆಸರೇ ಗೂಫಸ್ ಫೈವ್. ಆಗ ರೊಲಿನಿಗೆ ಇಪ್ಪತ್ತರ ಆಸುಪಾಸು.

ನಗಿಸೋಕಾ ಎಂದು ಕೇಳಿದ್ದೀರಿ. ಶುರುವಾಗಿದ್ದು ಹಾಗೇ ಅನ್ನಬೇಕು. 1917ರ ಫೆಬ್ರವರಿಯಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಮಾಡಿದ, ಮೊದಲ ಜಾಜ್ ರೆಕಾರ್ಡ್ ಎಂದು ಹೆಸರಾದ ‘ಲಿವರಿ ಸ್ಟೇಬಲ್ ಬ್ಲೂಸ್’ ಕೇಳಿ. ಕ್ಲಾರಿನೆಟ್ ಕೋಳಿಯ ಹಾಗೆ ಕೂಗುತ್ತದೆ, ತುತ್ತೂರಿಯಂಥ ಕಾರ್ನೆಟ್ ಕುದುರೆಯ ಹಾಗೆ ಕೆನೆಯುತ್ತದೆ, ಟ್ರೊಂಬೋನ್ ಹಸುವಿನ ಹಾಗೆ ಅಂಬಾ ಅನ್ನುತ್ತದೆ. ರೆಕಾರ್ಡ್ ಭರ್ಜರಿಯಾಗಿ ಮಾರಾಟವಾಯಿತು. ಜಾಜ್ ಅಂದರೆ ವಿಚಿತ್ರ ಸದ್ದು ಎಂದು ಜನ ನಂಬಿದರು. ಅಂಥ ಸದ್ದನ್ನೇ ಕಂಪನಿಗಳೂ ಕೇಳಿದವು. ಹಾಡು, ಕುಣಿತ, ಹಾಸ್ಯ ಬೆರೆಸಿ ತೋರಿಸುವ ವಾಡ್‌ವಿಲ್ ರಂಗಮಂದಿರಗಳಲ್ಲಿ ಈ ರುಚಿ ಮೊದಲೇ ಇತ್ತು. ವಿಲ್ಬರ್ ಸ್ವೆಟ್‌ಮನ್ ಅಲ್ಲಿ ಮೂರು ಕ್ಲಾರಿನೆಟ್‌ಗಳನ್ನು ಒಟ್ಟಿಗೇ ಬಾಯಿಗಿಟ್ಟು ನುಡಿಸಿ ಹೆಸರು ಮಾಡಿದ್ದರು.

ಆದರೆ ರೊಲಿನಿ ಕೈಗೆ ಬಂದಾಗ ಮಾತೇ ಬೇರೆ. ಅವರು ಗೂಫಸ್‌ನಲ್ಲಿ ಸಾಲುಗಳನ್ನು ಕಟ್ಟುತ್ತಾರೆ. ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ತಾಳಕ್ಕೆ ಸ್ವಲ್ಪ ಹಿಂದೆ ನಿಂತು, ಬೇಕಾದಲ್ಲಿ ಮಾತ್ರ ಎರಡನೇ ಸ್ವರ ಸೇರಿಸುತ್ತಾರೆ. ಬೇಸ್ ಸ್ಯಾಕ್ಸೊಫೋನ್‌ನಲ್ಲಿ ಅವರು ತೋರಿಸಿದ ತಿಳಿವಳಿಕೆಯೇ ಇಲ್ಲೂ ಇದೆ. ಇದನ್ನು ಆಟಿಕೆ ವಾದ್ಯದ ತಮಾಷೆ ಎಂದು ತಳ್ಳಿಹಾಕುವುದು ಅನ್ಯಾಯ ಎಂದೇ ನನ್ನ ಅನಿಸಿಕೆ. ಅವರ ಹತ್ತಿರ ಇನ್ನೊಂದು ಚಿಕ್ಕ ವಾದ್ಯವೂ ಇತ್ತು: ಕ್ಲಾರಿನೆಟ್ಟಿನ ಪುಟ್ಟ ತಮ್ಮನಂಥ ‘ಹಾಟ್ ಫೌಂಟನ್ ಪೆನ್’. ಪಿಟೀಲು ವಾದಕ ಜೋ ವೆನುಟಿಯ ಬ್ಲೂ ಫೋರ್ ತಂಡದ ರೆಕಾರ್ಡ್‌ಗಳಲ್ಲಿ ಅದು ಕೇಳಸಿಗುತ್ತದೆ. ನಂತರ 1930ರ ದಶಕದಲ್ಲಿ ರೊಲಿನಿ, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವೈಬ್ರಫೋನ್ ಕಡೆ ವಾಲಿದರು.

ಪ್ರಶ್ನೆ: ಹಳೆಯ ಜಾಜ್‌ನಲ್ಲಿ ಬಾಚಣಿಗೆ ಊದುತ್ತಿದ್ದರು ಅಂತ ಓದಿ ಮಗಳು ಬಾಚಣಿಗೆಗೆ ಕಾಗದ ಸುತ್ತಿ ಊದಿದ್ದೇ ಊದಿದ್ದು. ದನಿಯೇ ಬರಲಿಲ್ಲ. ಏನಾದರೂ ಉಪಾಯ ಇದೆಯಾ?
– ಶಿವಮೊಗ್ಗದ ಓದುಗರು

ಉತ್ತರ: ಊದುವುದನ್ನು ಬಿಟ್ಟು ಗುನುಗೋಕೆ ಹೇಳಿ. ದನಿ ಬರುತ್ತದೆ.

ಬಾಚಣಿಗೆಯಲ್ಲಿ ರೀಡ್ ಇಲ್ಲ, ಆದ್ದರಿಂದ ಬರೀ ಉಸಿರಿಗೆ ಅದು ಮಾತಾಡುವುದಿಲ್ಲ. ನಮ್ಮ ಗಂಟಲಿನ ದನಿಗೆ ಕಾಗದ ಅದುರುತ್ತದೆ. ಆ ಅದುರು ದನಿಗೆ ಸೇರಿಕೊಂಡು ಗುಂಯ್ ಎನ್ನುವ ಗರಗರ ಬಣ್ಣ ಕೊಡುತ್ತದೆ. ಸಣ್ಣ ಹಲ್ಲಿನ ಬಾಚಣಿಗೆ ತೆಗೆದುಕೊಳ್ಳಿ. ತೆಳು ಟಿಶ್ಯೂ ಕಾಗದವನ್ನು ಹಲ್ಲುಗಳ ಮೇಲೆ ಮಡಚಿ ಹಾಕಿ. ಬಿಗಿಯಾಗಿ ಸುತ್ತಬೇಡಿ, ಅದುರೋಕೆ ಜಾಗ ಬೇಕು. ತುಟಿ ಸ್ವಲ್ಪ ತೆರೆದು ಕಾಗದಕ್ಕೆ ಹಗುರವಾಗಿ ತಾಗಿಸಿ ‘ಡೂ’ ಎಂದು ಹಾಡಿ. ತುಟಿ ಒತ್ತಿದರೆ ದನಿ ಸತ್ತುಹೋಗುತ್ತದೆ. ಎಂಜಲಿಗೆ ಕಾಗದ ಒದ್ದೆಯಾದರೂ ಅಷ್ಟೇ, ಬದಲಾಯಿಸಿ. ಕಜೂ ಎನ್ನುವ ಆಟಿಕೆ ಕೆಲಸ ಮಾಡುವುದೂ ಹೀಗೇ. ವಾದ್ಯಗಳನ್ನು ವಿಂಗಡಿಸುವ ವಿದ್ವಾಂಸರು ಈ ಎರಡನ್ನೂ ಗಾಳಿವಾದ್ಯಗಳ ಜೊತೆಗಲ್ಲ, ಡೋಲು ತಮಟೆಗಳ ಗುಂಪಿನಲ್ಲಿ ಇಡುತ್ತಾರೆ. ಅದುರುವುದು ಪೊರೆ ಅಲ್ವಾ!

ಇದನ್ನು ಕಲೆಯ ಮಟ್ಟಕ್ಕೆ ಒಯ್ದವರು ಸೇಂಟ್ ಲೂಯಿಸ್‌ನ ರೆಡ್ ಮೆಕೆಂಜಿ. ಮೊದಲು ಕುದುರೆ ರೇಸಿನಲ್ಲಿ ಜಾಕಿ ಆಗಿದ್ದರು. ಕಜೂ ನುಡಿಸುವ ಡಿಕ್ ಸ್ಲೆವಿನ್, ಬ್ಯಾಂಜೊ ಹಿಡಿದ ಜ್ಯಾಕ್ ಬ್ಲ್ಯಾಂಡ್ ಜೊತೆಗೂಡಿ ಮೌಂಡ್ ಸಿಟಿ ಬ್ಲೂ ಬ್ಲೋವರ್ಸ್ ಎಂಬ ತಂಡ ಕಟ್ಟಿದರು. 1924ರಲ್ಲಿ ಬಂದ ಅವರ ‘ಅರ್ಕನ್ಸಾ ಬ್ಲೂಸ್’ ಗೆದ್ದಿತು. ಬಾಚಣಿಗೆ, ಕಜೂ, ಬ್ಯಾಂಜೊ. ಇಷ್ಟರಲ್ಲೇ ಪೂರ್ತಿ ಬ್ಲೂಸ್! ಮಗಳಿಗೆ ಮೊದಲು ಇದನ್ನೇ ಕೇಳಿಸಿ.

ನನಗೆ ಮಾತ್ರ 1929ರ ನವೆಂಬರ್ 14ರ ರೆಕಾರ್ಡಿಂಗ್ ಇನ್ನೂ ಜಾಸ್ತಿ ಇಷ್ಟ. ಅಂದು ನ್ಯೂಯಾರ್ಕಿನಲ್ಲಿ ಮೆಕೆಂಜಿ ಜೊತೆಗಿದ್ದವರನ್ನು ನೋಡಿ: ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಕೋಲ್‌ಮನ್ ಹಾಕಿನ್ಸ್, ಕ್ಲಾರಿನೆಟ್‌ನಲ್ಲಿ ಪೀ ವೀ ರಸೆಲ್, ಟ್ರೊಂಬೋನ್‌ನಲ್ಲಿ ಗ್ಲೆನ್ ಮಿಲ್ಲರ್, ಡ್ರಮ್ಸ್‌ನಲ್ಲಿ ಜೀನ್ ಕ್ರೂಪಾ. ಕರಿಯರು ಬಿಳಿಯರು ಒಂದೇ ವೇದಿಕೆ ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಇಲ್ಲಿ ಒಟ್ಟಿಗೆ ನುಡಿಸಿದ್ದಾರೆ. ‘ಒನ್ ಅವರ್’ನಲ್ಲಿ ಹಾಕಿನ್ಸ್ ನುಡಿಸಿದ ಭಾಗವನ್ನು ಜಾಜ್ ಪ್ರಿಯರು ಇಂದಿಗೂ ನೆನೆಯುತ್ತಾರೆ. ಅದೇ ಹಾಡಿನಲ್ಲಿ ಬಾಚಣಿಗೆಯೂ ಇದೆ. ಯಾರೂ ಅದನ್ನು ಮೂಲೆಗೆ ಕೂರಿಸಿಲ್ಲ.

ಪ್ರಶ್ನೆ: ಲೂಯಿ ಆರ್ಮ್‌ಸ್ಟ್ರಾಂಗ್‌ರಂಥ ದೊಡ್ಡವರೂ ಇಂಥ ವಾದ್ಯ ಮುಟ್ಟಿದ್ದಾರಾ? ಎಲ್ಲಿ ಕೇಳಬಹುದು?
– ಬೆಂಗಳೂರಿನ ಓದುಗರು

ಉತ್ತರ: ಮುಟ್ಟಿದ್ದಾರೆ. ತಮ್ಮದೇ ತಂಡ ಹಾಟ್ ಫೈವ್‌ನ 1926ರ ರೆಕಾರ್ಡ್ ‘ಹೂಸಿಟ್’ನಲ್ಲಿ ಆರ್ಮ್‌ಸ್ಟ್ರಾಂಗ್ ಸ್ಲೈಡ್ ವಿಸಲ್ ನುಡಿಸಿದ್ದಾರೆ. ಅದು ತೂತುಗಳಿಲ್ಲದ ಸೀಟಿ. ಒಳಗಿನ ಕಡ್ಡಿ ಎಳೆದರೆ ಸ್ವರ ಇಳಿಯುತ್ತದೆ, ತಳ್ಳಿದರೆ ಏರುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಗುರುತಿಲ್ಲ, ಕಿವಿಯೇ ಗತಿ. 1920ರಲ್ಲಿ ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್ ಅವರ ‘ವಿಸ್ಪರಿಂಗ್’ ರೆಕಾರ್ಡಿನಲ್ಲೂ ಇದೇ ಸೀಟಿ ಇದೆ. ಆ ರೆಕಾರ್ಡ್ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಇನ್ನೊಂದು ಕೇಳಲೇಬೇಕು. 1924ರ ಡಿಸೆಂಬರ್‌ನಲ್ಲಿ ಕ್ಲಾರೆನ್ಸ್ ವಿಲಿಯಮ್ಸ್ ತಂಡ ಮಾಡಿದ ‘ಮ್ಯಾಂಡಿ, ಮೇಕ್ ಅಪ್ ಯುವರ್ ಮೈಂಡ್’. ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ನುಡಿಸುತ್ತಾರೆ. ಸಿಡ್ನಿ ಬೆಶೇ ಕೈಯಲ್ಲಿ ಇರುವುದು ಸರುಸೊಫೋನ್. ಶಹನಾಯಿಯ ಹಾಗೆ ಜೋಡಿ ರೀಡ್ ಇರುವ ಲೋಹದ ವಾದ್ಯ ಇದು. 1856ರಲ್ಲಿ ಫ್ರಾನ್ಸ್‌ನ ಗೋಟ್ರೋ ಎಂಬುವರು ಮಿಲಿಟರಿ ಬ್ಯಾಂಡ್‌ಗಳಿಗಾಗಿ ಪೇಟೆಂಟ್ ಮಾಡಿಸಿದ್ದು. ಬಯಲಿನಲ್ಲಿ ಮೆರವಣಿಗೆ ಹೋಗುವಾಗ ಮರದ ಜೋಡಿ ರೀಡ್ ವಾದ್ಯಗಳಾದ ಓಬೋ, ಬಸೂನ್‌ಗಳ ದನಿ ಸಾಲುತ್ತಿರಲಿಲ್ಲ. ಬೆಶೇ ಅದರಲ್ಲಿ ಗುಡುಗುವ ದಪ್ಪ ದನಿಯ ಸೋಲೊ ನುಡಿಸುತ್ತಾರೆ. ಅಂಥ ಭಾರದ ವಾದ್ಯವೂ ಅವರ ಉಸಿರಿಗೆ ಬಗ್ಗುತ್ತದೆ.

ಆಗಿನ್ನೂ ಸ್ಟುಡಿಯೊಗಳಲ್ಲಿ ಮೈಕ್ ಇರಲಿಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕಿತ್ತು. ಮೈಕಿನ ರೆಕಾರ್ಡಿಂಗ್ ಬಂದದ್ದು 1925ರಲ್ಲಿ. ಅದಕ್ಕಿಂತ ಹಿಂದಿನ ರೆಕಾರ್ಡ್ ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಈ ಸಣ್ಣ ದನಿಗಳು ಗರಗರ ಸದ್ದಿನಲ್ಲಿ ಕಳೆದುಹೋಗುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್ ತಾಣ ನೋಡಿ, ಇಂಟರ್‌ನೆಟ್ ಆರ್ಕೈವ್‌ನಲ್ಲೂ ಹುಡುಕಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. 1924ರಲ್ಲಿ ಬಿಡುಗಡೆಯಾದ ರೆಕಾರ್ಡಿಂಗ್‌ಗಳ ಹಕ್ಕು ಅಮೆರಿಕದಲ್ಲಿ 2025ರ ಜನವರಿ 1ಕ್ಕೆ ತೆರವಾಗಿದೆ. ಮೆಕೆಂಜಿಯ ಮೊದಲ ರೆಕಾರ್ಡ್ ಆ ಸಾಲಿನಲ್ಲೇ ಇದೆ.