ಪಲ್ಪರ್‌ಗೆ ನಾಲ್ಕನೇ ಬೇರಿಂಗ್ ಹಾಕೋ ಮೊದಲು

ಅಕ್ಕ, ನಾಪೋಕ್ಲಿನಿಂದ ನೀವು ಹಾಕಿರೋ ಮೂರು ಫೋಟೋನೂ ದೊಡ್ಡದು ಮಾಡಿ ನೋಡಿದೆ. ಇಪ್ಪತ್ತು ದಿನದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್‌ನ ಪುಲ್ಲಿ ಕಡೆ ಬೇರಿಂಗ್ ಮೂರು ಸಲ ಹೋಯ್ತು, ಮೆಕ್ಯಾನಿಕ್ "ದುಬಾರಿದು ಹಾಕೋಣ" ಅಂತಾನೆ, ಲೇತ್‌ನವರು "ಶಾಫ್ಟಿಗೆ ವೆಲ್ಡಿಂಗ್ ತುಂಬಿ ಟರ್ನ್ ಮಾಡಿ (ತಿರುಗಿಸಿ ಕೆತ್ತಿ) ಕೊಡ್ತೀವಿ" ಅಂತಾರೆ, ಯಾರ ಮಾತು ಕೇಳ್ಲಿ ಅಂತ ನಿಮ್ಮ ಪ್ರಶ್ನೆ. ಕೆಳಗೆ ಕಾಮೆಂಟಲ್ಲಿ ಎಲ್ಲರೂ ಬೇರಿಂಗ್ ಕಂಪನಿ ಹೆಸರೇ ಹೇಳ್ತಿದ್ದಾರೆ. ನನ್ನ ಲೆಕ್ಕದಲ್ಲಿ ಆ ಬೇರಿಂಗ್ ಪಾಪ, ಅದರದ್ದು ಏನೂ ತಪ್ಪಿಲ್ಲ. ಅದನ್ನ ಕೂರಿಸಿರೋ ಜಾಗ ಸರಿ ಇಲ್ಲ. ನಾನು ಸೈನ್ಯದ ಯಂತ್ರ ರಿಪೇರಿ ವಿಭಾಗ ಇ.ಎಂ.ಇ.ಯಲ್ಲಿ ಫಿಟ್ಟರ್ ಆಗಿದ್ದವನು, ಈಗ ಐದು ಎಕರೆ ರೊಬಸ್ಟಾ ಕಾಫಿ ಇಟ್ಕೊಂಡು ಕೂತಿದ್ದೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಎರಡನೇ ಫೋಟೋ ಮತ್ತೆ ನೋಡಿ. ಬಿಚ್ಚಿದ ಬೇರಿಂಗ್‌ನ ಒಳಬಳೆಯ ತೂತಿನಲ್ಲಿ ಒಂದು ಕಡೆ ಕನ್ನಡಿ ಥರ ಹೊಳಪು, ಅದರ ಪಕ್ಕದಲ್ಲೇ ಕಾಫಿಪುಡಿ ಬಣ್ಣದ ಧೂಳು ಮೆತ್ಕೊಂಡಿದೆ. ಅದು ಗ್ರೀಸ್ ಅಲ್ಲ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಬಂದ ತುಕ್ಕಿನ ಪುಡಿ. ಅಂದ್ರೆ ಒಳಬಳೆ ಶಾಫ್ಟಿನ ಜೊತೆ ತಿರುಗೋ ಬದಲು ಶಾಫ್ಟಿನ ಮೇಲೇ ಜಾರ್ತಾ ಇತ್ತು. ಗುಂಡುಗಳು ಓಡೋ ದಾರಿ ಕೆಟ್ಟಿದ್ದು ಆಮೇಲೆ. ಶಾಫ್ಟ್ ಸವೆದಿದೆ ಅಂತ ಅಳೆಯೋ ಮುಂಚೆನೇ ಇದರಿಂದ ಹೇಳಬಹುದು. ಆದ್ರೂ ಅಳೀಲೇಬೇಕು, ಯಾಕಂದ್ರೆ ಎಷ್ಟು ಸವೆದಿದೆ ಅನ್ನೋದರ ಮೇಲೆ ಮುಂದಿನ ಕೆಲಸ.

ಬೇರಿಂಗ್ ಮೇಲೆ 6206 ಝಡ್‌ಝಡ್ ಅಂತ ಕಾಣ್ತಿದೆ. ಕೊನೆಯ ಎರಡು ಅಂಕಿಯನ್ನ ಐದರಿಂದ ಗುಣಿಸಿದ್ರೆ ಒಳತೂತಿನ ಅಳತೆ: 06 ಅಂದ್ರೆ 30 ಎಂ.ಎಂ. ಹೊರಗೆ 62, ಅಗಲ 16. ತೂತು 30 ಅಂದ್ರೂ ಕಂಪನಿಯವರು ಅದನ್ನ 30ಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗೇ ಮಾಡಿರ್ತಾರೆ, 29.990ರಿಂದ 30.000ರ ಒಳಗೆ. ಶಾಫ್ಟ್ ಇರಬೇಕಾದ್ದು 30ಕ್ಕಿಂತ ಒಂಚೂರು ದಪ್ಪ: 30.002ರಿಂದ 30.015. ಆ ಬಿಗಿಯಲ್ಲೇ ಬೇರಿಂಗ್ ಹಿಡ್ಕೊಂಡಿರೋದು, ಬೇರೆ ಯಾವ ಸ್ಕ್ರೂನೂ ಇಲ್ಲ. (ಶಾಫ್ಟಿಗೆ ಬಿಗಿಯೋ ಗ್ರಬ್ ಸ್ಕ್ರೂ ಇರೋ ರೆಡಿಮೇಡ್ ಬೇರಿಂಗ್ ಗೂಡು, ಅಂದ್ರೆ ಪ್ಲಮ್ಮರ್ ಬ್ಲಾಕ್ ಆದ್ರೆ ಕಥೆ ಬೇರೆ. ನಿಮ್ಮದು ಅದಲ್ಲ, ಬೀಡು ಕಬ್ಬಿಣದ ಗೂಡಿನಲ್ಲಿ ಕೂತಿರೋದು.)

ಈ ಅಳತೆಗೆ ವರ್ನಿಯರ್ ಸಾಲೋದಿಲ್ಲ. ಸಾಮಾನ್ಯ ವರ್ನಿಯರ್ 0.02 ಎಂ.ಎಂ. ತೋರಿಸುತ್ತೆ, ನಮಗೆ ಬೇಕಾದ ವ್ಯತ್ಯಾಸ ಅದಕ್ಕಿಂತ ಕಡಿಮೆ. ಮೈಕ್ರೋಮೀಟರ್ ಬೇಕು. ಶಾಫ್ಟ್ ಒರೆಸಿ, ಬೇರಿಂಗ್ ಕೂರೋ ಜಾಗದ ಒಳತುದಿ, ನಡು, ಹೊರತುದಿ, ಹೀಗೆ ಮೂರು ಕಡೆ ಅಳೀರಿ. ಪ್ರತಿ ಕಡೆ ದಪ್ಪವನ್ನ ಒಂದ್ಸಲ ಅಡ್ಡಕ್ಕೆ, ಒಂದ್ಸಲ ಕಾಲು ಸುತ್ತು ತಿರುಗಿಸಿ. ಆರು ಅಂಕಿ ಬರುತ್ತೆ. ಚೀಟಿ ಮೇಲೆ ಬರ್ಕೊಳ್ಳಿ. ಹೊರತುದಿ ಮಾತ್ರ ಸಣ್ಣ ಆಗಿದ್ರೆ ಬೆಲ್ಟ್ ಎಳೆತ, ಒಂದು ದಿಕ್ಕಿನಲ್ಲಿ ಮಾತ್ರ ಸಣ್ಣ ಆಗಿದ್ರೆ ಶಾಫ್ಟ್ ಮೊಟ್ಟೆ ಆಕಾರ ಆಗಿದೆ ಅಂತ ಅರ್ಥ.

ಈಗ ಸೀಸನ್ ನಡುವೆ ಏನ್ ಮಾಡೋದು? ಹಣ್ಣು ಕಣದಲ್ಲಿ ಕಾಯ್ತಾ ಕೂರೋದಿಲ್ಲ. ಕಿತ್ತ ದಿನವೇ ಪಲ್ಪ್ ಆಗದಿದ್ರೆ ರಾಶಿ ಬಿಸಿಯಾಗಿ ಹುಳಿ ಹಿಡಿಯುತ್ತೆ, ಅದು ನಿಮಗೆ ಹೇಳ್ಬೇಕಿಲ್ಲ. ಸವೆತ 0.1 ಎಂ.ಎಂ.ಗಿಂತ ಕಡಿಮೆ ಇದ್ರೆ ಬೇರಿಂಗ್ ಕೂರಿಸೋ ಅಂಟು ಸಿಗುತ್ತೆ, ಲಾಕ್‌ಟೈಟ್ 638 ಥರದ್ದು. ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಶಾಫ್ಟ್ ಮತ್ತು ಒಳತೂತು ಎರಡನ್ನೂ ಅಸಿಟೋನ್‌ನಿಂದ ಎಣ್ಣೆ ಪಸೆ ಹೋಗೋ ಹಾಗೆ ಒರೆಸಿ, ಹಚ್ಚಿ, ಕೂರಿಸಿ, ಒಂದು ರಾತ್ರಿ ಮುಟ್ಟಬೇಡಿ. ಇದರಿಂದ ಸೀಸನ್ ದಾಟಿಸಬಹುದು. ಒಂದೇ ತೊಂದ್ರೆ, ಆಮೇಲೆ ಬಿಚ್ಚೋವಾಗ ಚೆನ್ನಾಗಿ ಕಾಯಿಸಿ ಪುಲ್ಲರ್ ಹಾಕಿ ಎಳೀಬೇಕಾಗುತ್ತೆ.

ಇನ್ನೊಂದು, ನಮ್ಮೂರಲ್ಲಿ ಎಲ್ಲರೂ ಮಾಡೋದು: ಶಾಫ್ಟಿಗೆ ಪಂಚಿನಿಂದ ಸುತ್ತಲೂ ಚುಕ್ಕಿ ಹೊಡೆದು ಬೇರಿಂಗ್ ಬಿಗಿ ಮಾಡೋದು, ಇಲ್ಲಾ ಡಬ್ಬಿ ತಗಡು ಸುತ್ತಿ ಕೂರಿಸೋದು. ನಿಮ್ಮ ಮೂರನೇ ಫೋಟೋದಲ್ಲಿ ಚುಕ್ಕಿಗಳು ಕಾಣ್ತಿವೆ, ಆದ್ದರಿಂದ ನೀವು ಹಾಗೆ ಮಾಡಿಸಿದ್ರಾ ಅಂತ ಕೇಳ್ಲಿಲ್ಲ. ಆ ಚುಕ್ಕಿಯ ತುದಿ ಅರ್ಧ ದಿನದಲ್ಲೇ ಚಪ್ಪಟೆ ಆಗುತ್ತೆ. ತಗಡಾದ್ರೆ ಬೇರಿಂಗ್ ಒಂದು ಕಡೆ ವಾಲುತ್ತೆ. ವಾಲಿದ್ರೆ ಶಾಫ್ಟಿನ ಮೇಲಿರೋ, ಹಣ್ಣು ಸುಲಿಯೋ ಡ್ರಮ್ಮೂ ವಾಲುತ್ತೆ, ಅರ್ಧ ಸುತ್ತಿನಲ್ಲಿ ಬೀಜ ಕತ್ತರಿಸುತ್ತೆ, ಇನ್ನರ್ಧ ಸುತ್ತಿನಲ್ಲಿ ಹಣ್ಣು ಹಾಗೇ ಬಿಡುತ್ತೆ. ನೀವು "ಈ ವರ್ಷ ಕಟ್ ಬೀಜ ಜಾಸ್ತಿ" ಅಂತ ಹೋದ ವಾರ ಬರ್ದಿದ್ರಲ್ಲ, ಅದೂ ಇದೂ ಒಂದೇ ಕಾಯಿಲೆ ಅಂತ ನನ್ನ ಅನುಮಾನ.

ಸರಿ, ಶಾಫ್ಟ್ ಸವೆದಿದ್ದು ಯಾಕೆ? ಬೆಲ್ಟ್. ಮೊದಲ ಫೋಟೋದಲ್ಲಿ ಬೆಲ್ಟ್ ವೀಣೆ ತಂತಿ ಹಾಗೆ ಬಿಗಿದಿದೆ. ಪುಲ್ಲಿ ಬೇರಿಂಗ್‌ನಿಂದ ಆಚೆ ನೇತಾಡ್ತಾ ಇರೋದ್ರಿಂದ ಆ ಎಳೆತ ಪೂರ್ತಿ ಅದೇ ಬೇರಿಂಗ್ ಮೇಲೆ. ಅದಕ್ಕೇ ಯಾವಾಗ್ಲೂ ಪುಲ್ಲಿ ಕಡೆಯದ್ದೇ ಹೋಗೋದು, ಆ ಕಡೆಯದ್ದು ಹತ್ತು ವರ್ಷದ್ದು ಇನ್ನೂ ತಿರುಗ್ತಿದೆ ಅಂದ್ರಲ್ಲ. ಬಿಗಿ ಎಷ್ಟಿರಬೇಕು ಅಂದ್ರೆ, ಎರಡು ಪುಲ್ಲಿ ನಡುವಿನ ಬೆಲ್ಟಿನ ಮಧ್ಯೆ ಹೆಬ್ಬೆರಳಿನಿಂದ ಒತ್ತಿದ್ರೆ ಪ್ರತಿ 10 ಸೆಂಟಿಮೀಟರ್ ಉದ್ದಕ್ಕೆ 1.6 ಎಂ.ಎಂ. ಬಗ್ಗಬೇಕು. ನಿಮ್ಮದು 60 ಸೆಂಟಿಮೀಟರ್ ಇರಬಹುದು, ಹಾಗಾದ್ರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್.

"ಸಡಿಲ ಬಿಟ್ರೆ ಜಾರುತ್ತೆ, ಲೋಡ್ ಎಳೆಯಲ್ಲ" ಅಂತ ನಿಮ್ಮ ಮೆಕ್ಯಾನಿಕ್ ಹೇಳ್ತಾನೆ, ನಂಗೊತ್ತು. ಜಾರೋದು ಬೆಲ್ಟ್ ಸಡಿಲ ಅಂತಲ್ಲ. ಪುಲ್ಲಿಯಲ್ಲಿ ಬೆಲ್ಟ್ ಕೂರೋ ತೋಡಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ವೀ ಬೆಲ್ಟ್ ಹಿಡಿಯೋದು ಎರಡು ಪಕ್ಕದ ಗೋಡೆಯಿಂದ, ತಳದಿಂದ ಅಲ್ಲ. ತಳ ಹೊಳೀತಾ ಇದ್ರೆ ಗೋಡೆ ಸವೆದು ಬೆಲ್ಟ್ ತಳಕ್ಕೆ ಕೂತಿದೆ ಅಂತ ಲೆಕ್ಕ. ಆಗ ಎಷ್ಟು ಬಿಗಿದ್ರೂ ಜಾರುತ್ತೆ, ಜಾರ್ತು ಅಂತ ಮತ್ತೆ ಬಿಗೀತೀವಿ, ಬೇರಿಂಗ್ ಸಾಯುತ್ತೆ. ಹೊಸ ಬೆಲ್ಟ್ ಹಾಕೋದಲ್ಲ, ಪುಲ್ಲಿ ಬದಲಾಯಿಸಬೇಕು. ಎರಡು ಬೆಲ್ಟ್ ಇದ್ರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಹಳೇದಕ್ಕೆ ಹೊಸದು ಜೊತೆ ಹಾಕಿದ್ರೆ ಹೊಸದೊಂದೇ ಭಾರ ಹೊರುತ್ತೆ.

ಆಮೇಲೆ ಒಂದು ದಾರ ತಗೊಂಡು ಮೋಟಾರ್ ಪುಲ್ಲಿಯ ಮುಖಕ್ಕೂ ಪಲ್ಪರ್ ಪುಲ್ಲಿಯ ಮುಖಕ್ಕೂ ಎಳೆದು ಹಿಡೀರಿ. ಎರಡು ಪುಲ್ಲಿಯ ಅಂಚಿನ ದಪ್ಪ ಒಂದೇ ಇದ್ರೆ ದಾರ ನಾಲ್ಕು ಕಡೆ ತಾಗಬೇಕು. ಮೂರೇ ಕಡೆ ತಾಗಿದ್ರೆ ಮೋಟಾರ್ ಬೋಲ್ಟ್ ಸಡಿಲಿಸಿ ಸರಿ ಮಾಡಿ. ಹತ್ತು ನಿಮಿಷದ ಕೆಲಸ. ಇದಕ್ಕೆಲ್ಲ ಕೈ ಹಾಕೋ ಮೊದಲು ಫ್ಯೂಸ್ ಕಿತ್ತು ನಿಮ್ಮ ಹತ್ತಿರವೇ ಇಟ್ಕೊಳ್ಳಿ. ಸ್ವಿಚ್ ಆಫ್ ಮಾಡಿದ್ದೀನಿ ಅನ್ನೋ ಮಾತು ನಂಬಬೇಡಿ, ಕೂಲಿಯವರು ಬಂದು "ಯಾಕೆ ನಿಂತಿದೆ" ಅಂತ ಒತ್ತಿಬಿಡ್ತಾರೆ.

ಈಗ ವೆಲ್ಡಿಂಗ್ ವಿಷಯ. ಲೇತ್‌ನವರು ಹೇಳಿದ್ದು ತಪ್ಪಲ್ಲ, ಮಾಡೋ ರೀತಿಯಲ್ಲಿ ತಪ್ಪಾಗೋದು. ನಂದೇ ಕಥೆ ಹೇಳ್ತೀನಿ. ನನ್ನ ಹಳೇ ಪಲ್ಪರ್ ಶಾಫ್ಟಿಗೆ ಹೀಗೇ ವೆಲ್ಡಿಂಗ್ ತುಂಬಿಸಿದ್ದೆ. ಯಾವ ಅಂಗಡಿ ಅಂತ ಬೇಡ, ಅವಸರ ನಂದೇ ಇತ್ತು. ಸಂಜೆ ಕೊಟ್ಟೆ, ಬೆಳಿಗ್ಗೆ ತಂದೆ. ನೋಡೋಕೆ ಬೆಳ್ಳಿ ಥರ. ಎರಡು ವಾರಕ್ಕೆ ಒಂದು ಭಾನುವಾರ ಸಂಜೆ, ನಲವತ್ತು ಮೂಟೆ ಹಣ್ಣು ಶೆಡ್ಡಿನಲ್ಲಿ, ಠಣ್ ಅಂತ ಶಬ್ದ, ಪುಲ್ಲಿ ಶಾಫ್ಟ್ ತುಂಡಿನ ಜೊತೆ ನೆಲಕ್ಕೆ. ರಾತ್ರಿ ಹನ್ನೊಂದಕ್ಕೆ ಪಕ್ಕದ ತೋಟದ ಮಾವನನ್ನ ಎಬ್ಬಿಸಿ ಅವರ ಮೆಷಿನ್‌ನಲ್ಲಿ ಪಲ್ಪ್ ಮಾಡಿದ್ದು. ಮುರಿದ ಮುಖ ಇವತ್ತಿಗೂ ಶೆಡ್ಡಿನ ಕಿಟಕಿಯಲ್ಲಿಟ್ಟಿದ್ದೀನಿ. ಅಂಚಿನಿಂದ ಒಳಕ್ಕೆ ಕೆರೆಗೆ ಕಲ್ಲು ಹಾಕಿದಾಗ ಏಳೋ ಅಲೆ ಥರ ನಯವಾದ ಗೆರೆಗಳು, ನಡುವೆ ಸಣ್ಣ ಜಾಗ ಮಾತ್ರ ಸಕ್ಕರೆ ಕಾಳಿನಂತೆ ಒರಟು. ಅಂದ್ರೆ ಒಮ್ಮೆಗೇ ಮುರಿದಿದ್ದಲ್ಲ. ವೆಲ್ಡಿಂಗ್ ಮುಗಿದ ಅಂಚಿನಲ್ಲಿ ಮೊದಲ ದಿನವೇ ಕೂದಲು ಬಿರುಕು ಬಿಟ್ಟು, ಪ್ರತಿ ಸುತ್ತಿಗೂ ಒಳಕ್ಕೆ ಹೋಗ್ತಾ, ಕೊನೆಗೆ ಉಳಿದ ಚೂರು ತಡೀಲಿಲ್ಲ.

ಯಾಕೆ ಹಾಗಾಯ್ತು ಅಂದ್ರೆ, ಶಾಫ್ಟ್ ಇಎನ್8 ಉಕ್ಕು. ಅದರಲ್ಲಿ ಇಂಗಾಲ ಶೇ. 0.4ರ ಹತ್ತಿರ. ತಣ್ಣಗಿರೋ ಇಂಥ ಉಕ್ಕಿನ ಮೇಲೆ ವೆಲ್ಡಿಂಗ್ ಎಳೆದ್ರೆ ಪಕ್ಕದ ಜಾಗ ಕಾಸಿ ನೀರಿಗೆ ಹಾಕಿದ ಕತ್ತಿಯ ಹಾಗೆ ಗಡುಸಾಗಿ ಬಿರಿಯುತ್ತೆ. ನಿಮ್ಮದು ಯಾವ ಉಕ್ಕು ಅಂತ ತಿಳೀಬೇಕಾದ್ರೆ ಶಾಫ್ಟಿನ ತುದಿಯನ್ನ ಗ್ರೈಂಡರಿಗೆ ಒಂದ್ಸಲ ತಾಗಿಸಿ. ಕಿಡಿ ಉದ್ದಕ್ಕೆ ನೇರ ಹೋಗಿ ತುದಿಯಲ್ಲಿ ಅಷ್ಟಿಷ್ಟು ಒಡೆದ್ರೆ ಮೈಲ್ಡ್ ಸ್ಟೀಲ್. ಸುರುಸುರುಬತ್ತಿ ಥರ ಕವಲು ಕವಲಾಗಿ ಸಿಡಿದ್ರೆ ಇಂಗಾಲ ಜಾಸ್ತಿ ಇರೋ ಉಕ್ಕು.

ವೆಲ್ಡಿಂಗೇ ಮಾಡಿಸ್ತೀರಾದ್ರೆ ಇಷ್ಟು ಕೇಳಿ ಮಾಡಿಸಿ. ಸವೆದ ಜಾಗವನ್ನ ಮೊದಲು ಇನ್ನೂ ಒಂದೂವರೆ ಎರಡು ಎಂ.ಎಂ. ಒಳಕ್ಕೆ ಟರ್ನ್ ಮಾಡಿ ತೆಗೀಬೇಕು, ಇಲ್ಲಾಂದ್ರೆ ಮುಗಿದ ಮೇಲೆ ಅಂಟಿದ ಗೆರೆ ಸರಿಯಾಗಿ ಮೇಲ್ಮೈಗೇ ಬರುತ್ತೆ. ಶಾಫ್ಟನ್ನ 200 ಡಿಗ್ರಿ ಸುತ್ತಮುತ್ತ ಕಾಯಿಸಬೇಕು. 7018 ರಾಡ್, ಅದೂ ಒಣಗಿಸಿದ್ದು. ನಮ್ಮ ಮಳೆನಾಡಲ್ಲಿ ಬಾಯಿ ತೆರೆದಿಟ್ಟ ಪ್ಯಾಕೆಟ್ಟಿನ ರಾಡ್ ಅಂದ್ರೆ ತೇವ ಕುಡಿದಿದ್ದೇ. ಗೆರೆಗಳನ್ನ ಶಾಫ್ಟಿನ ಉದ್ದಕ್ಕೆ ಎಳೀಬೇಕು, ಒಂದು ಮೇಲೆ ಎಳೆದ್ರೆ ಮುಂದಿನದು ಅದರ ಎದುರು ಬದಿಗೆ, ಹಾಗಾದ್ರೆ ಶಾಫ್ಟ್ ಬಾಗೋದು ಕಡಿಮೆ. ಮುಗಿದ ತಕ್ಷಣ ಒಲೆ ಬೂದಿಯಲ್ಲಿ ಹೂತು ಮಾರನೇ ದಿನದವರೆಗೆ ಬಿಡಬೇಕು. ಇಷ್ಟಕ್ಕೆ ಲೇತ್‌ನವರು ಮುಖ ಸಿಂಡರಿಸಿದ್ರೆ ಅಲ್ಲಿ ಬೇಡ.

ನನ್ನನ್ನ ಕೇಳಿದ್ರೆ ಸೀಸನ್ ಮುಗಿದ ಮೇಲೆ ಹೊಸ ಶಾಫ್ಟೇ ಮಾಡಿಸಿ. 35 ಎಂ.ಎಂ. ಇಎನ್8 ಸರಳು ತಂದುಕೊಟ್ರೆ ಒಳ್ಳೆ ಟರ್ನರ್‌ಗೆ ಒಂದು ದಿನದ ಕೆಲಸ, ವೆಲ್ಡಿಂಗ್‌ಗೂ ಇದಕ್ಕೂ ಖರ್ಚಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಬರಲ್ಲ. ಎರಡು ತುದಿಯ ಸೆಂಟರ್ ನಡುವೆ ಹಿಡಿದು ಟರ್ನ್ ಮಾಡಲಿ. ಲೇತ್ ಹಿಡಿಯಾದ ಮೂರು ದವಡೆ ಚಕ್ಕಿನಲ್ಲಿ ಒಂದು ಕಡೆ ಮುಗಿಸಿ ತಿರುಗಿಸಿ ಹಿಡಿದ್ರೆ ಎರಡು ಬೇರಿಂಗ್ ಜಾಗ ಒಂದೇ ನೇರಕ್ಕೆ ಬರೋದಿಲ್ಲ. ದಪ್ಪ ಇಳಿಯೋ ಮೂಲೆಯನ್ನ ಚಾಕುವಿನಲ್ಲಿ ಕೊಯ್ದ ಹಾಗೆ ಚೂಪಾಗಿ ಬಿಡಬಾರದು, ಸಣ್ಣ ಗುಂಡು ಬರಬೇಕು. ಆದ್ರೆ 6206ರ ಮೂಲೆಯ ಗುಂಡು 1 ಎಂ.ಎಂ., ಶಾಫ್ಟಿನದು ಅದಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಇಲ್ಲಾಂದ್ರೆ ಬೇರಿಂಗ್ ಪೂರ್ತಿ ಒಳಗೆ ಕೂರಲ್ಲ. ಪುಲ್ಲಿಗೆ ಕೀವೇ (ಪುಲ್ಲಿ ಹಿಡಿಯೋ ಕೀಲು ಕೂರೋ ತೋಡು) 8 ಎಂ.ಎಂ. ಅಗಲ, 4 ಎಂ.ಎಂ. ಆಳ. ಹೊಸ ಬೇರಿಂಗನ್ನೂ ಅವರ ಕೈಗೇ ಕೊಟ್ಟು ಬನ್ನಿ, ಆದ್ರೆ ಎಮೆರಿ ಪೇಪರ್‌ನಲ್ಲಿ ಉಜ್ಜಿ ಉಜ್ಜಿ ಕೈಯಲ್ಲೇ ಜಾರೋ ಹಾಗೆ ಮಾಡಬೇಡಿ ಅಂತ ಹೇಳಿ. ಕೈಯಲ್ಲಿ ಸಲೀಸಾಗಿ ಒಳಗೆ ಹೋದ್ರೆ ಅದು ಸವೆದ ಶಾಫ್ಟಿಗೆ ಸಮ.

ಕೂರಿಸೋದು ಹೇಗೆ ಅಂದ್ರೆ, ಹೊರಬಳೆಗೆ ಸುತ್ತಿಗೆ ಪೆಟ್ಟು ಕೊಟ್ರೆ ಆ ಪೆಟ್ಟು ಗುಂಡುಗಳ ಮೂಲಕ ಒಳಗೆ ಹೋಗಿ ದಾರಿಯಲ್ಲಿ ಗುಳಿ ಬೀಳಿಸುತ್ತೆ. ಹೊಸ ಬೇರಿಂಗ್ ಮೊದಲ ದಿನದಿಂದಲೇ ಗರಗರ ಅನ್ನೋದು ಅದಕ್ಕೇ. ಒಳಬಳೆಗೆ ಮಾತ್ರ ತಾಗೋ ಪೈಪ್ ತುಂಡು ಇಟ್ಟು ಹೊಡೀರಿ. ಇಲ್ಲಾ ಒಂದು ನೂರು ವ್ಯಾಟ್ ಹಳೇ ತಂತಿ ಬಲ್ಬಿನ (ಎಲ್‌ಇಡಿ ಅಲ್ಲ) ಮೇಲೆ ಬೇರಿಂಗ್ ಇಟ್ಟು ಬಿಸಿ ಮಾಡಿ. ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಾದ್ರೆ 30 ಎಂ.ಎಂ. ತೂತು 0.018 ಎಂ.ಎಂ.ನಷ್ಟು ಹಿಗ್ಗುತ್ತೆ, ಸಾಮಾನ್ಯವಾಗಿ ಅಷ್ಟು ಸಾಕು. 80 ಡಿಗ್ರಿ ದಾಟಿಸಬೇಡಿ, ಒಳಗಿನ ಗ್ರೀಸೂ ರಬ್ಬರೂ ಕೆಡುತ್ತೆ. ಬೆಂಕಿ ಹಚ್ಚೋದು ಬೇಡವೇ ಬೇಡ.

ಝಡ್‌ಝಡ್ ಅಂದ್ರೆ ತಗಡಿನ ಮುಚ್ಚಳ, ಧೂಳು ತಡೆಯುತ್ತೆ, ನೀರು ತಡೆಯಲ್ಲ. ನಿಮ್ಮ ಗೂಡಿನ ಮೇಲೆಲ್ಲಾ ಲೋಳೆ ಒಣಗಿ ಕೂತಿದೆ. 6206 2ಆರ್‌ಎಸ್ ಕೇಳಿ ತಗೊಳ್ಳಿ, ಅದಕ್ಕೆ ರಬ್ಬರ್ ಮುಚ್ಚಳ. ಶಾಫ್ಟಿಗೆ ಹಳೇ ಟ್ಯೂಬಿನಿಂದ ಕತ್ತರಿಸಿದ ಒಂದು ಬಳೆ ಬಿಗಿಯಾಗಿ ಹಾಕಿದ್ರೆ ಹರಿದು ಬರೋ ನೀರನ್ನ ಅದೇ ಆಚೆ ಎಸೆಯುತ್ತೆ.

ಸ್ಟ್ಯಾಂಡ್ ಬಿರುಕಿಗೆ ಮೆಷಿನ್ ಬಿಚ್ಚದೇ ವೆಲ್ಡಿಂಗ್ ಮಾಡಿಸಿದೆ ಅಂದ್ರಲ್ಲ, ಅರ್ತ್ ಕ್ಲಾಂಪ್ ಎಲ್ಲಿ ಕಚ್ಚಿಸಿದ್ರು? ಪುಲ್ಲಿಗೋ ಶಾಫ್ಟಿಗೋ ಕಚ್ಚಿಸಿದ್ರೆ ಕರೆಂಟ್ ಬೇರಿಂಗ್ ಮೂಲಕವೇ ಹರಿದು ಗುಂಡುಗಳನ್ನ ಚುಚ್ಚಿಬಿಟ್ಟಿರುತ್ತೆ. ವೆಲ್ಡಿಂಗ್ ಮಾಡೋ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು.

ಎಲ್ಲ ಆದ ಮೇಲೆ ಡ್ರಮ್ಮಿಗೂ ಅದರ ಎದುರಿನ ಪ್ಲೇಟಿಗೂ ನಡುವಿನ ಸಂದು ಮತ್ತೆ ಹೊಂದಿಸಿ. ಶಾಫ್ಟ್ ನೆಟ್ಟಗಾದ ಮೇಲೆ ಹಳೇ ಸಂದು ಸರಿ ಇರೋದಿಲ್ಲ. ಒಂದು ಹಿಡಿ ಹಣ್ಣು ಹಾಕಿ ಕೈಯಲ್ಲೇ ತಿರುಗಿಸಿ, ಬೀಜದ ಕಡೆ ಕಟ್ ಆಗಿದ್ಯಾ, ಸಿಪ್ಪೆ ಕಡೆ ಹಣ್ಣು ಹಾಗೇ ಹೋಗ್ತಿದ್ಯಾ ನೋಡಿ.

ಸೀಸನ್ ಮುಗಿದಾಗ ತೊಳೆದು, ಬೆಲ್ಟ್ ಸಡಿಲಿಸಿ, ಟಾರ್ಪಾಲ್ ಬದಲು ಗೋಣಿ ಹೊದಿಸಿ. ಟಾರ್ಪಾಲ್ ಒಳಗೆ ಬೆವರುತ್ತೆ, ಕಕ್ಕಡ ತಿಂಗಳ ಮಳೆಯಲ್ಲಿ ಬೇರಿಂಗ್ ನಿಂತಲ್ಲೇ ತುಕ್ಕು ಹಿಡಿಯುತ್ತೆ. ತಿಂಗಳಿಗೊಮ್ಮೆ ಕೈಯಿಂದ ಹತ್ತು ಸುತ್ತು ತಿರುಗಿಸಿ. ನಮ್ಮನೇಲಿ ಕೈಲ್ ಮುಹೂರ್ತದ ಆಯುಧ ಪೂಜೆಗೆ ಕೋವಿ ಒರೆಸೋ ಎಣ್ಣೆ ಬಟ್ಟೆಯಲ್ಲೇ ಪಲ್ಪರ್ ಶಾಫ್ಟೂ ಒರೆಸ್ತೀವಿ, ಅಮ್ಮ ಬೈತಾರೆ, ಇರಲಿ.

ನಿಮ್ಮ ಹತ್ತಿರ ಮೈಕ್ರೋಮೀಟರ್ ಇಲ್ಲಾಂದ್ರೆ ಶುಕ್ರವಾರ ಮಡಿಕೇರಿ ಸಂತೆಗೆ ಬರೋವಾಗ ಶಾಫ್ಟ್ ಗೋಣಿಯಲ್ಲಿ ಸುತ್ತಿ ತನ್ನಿ, ಇಲ್ಲೇ ಅಳೆಯೋಣ. ಪುಲ್ಲಿನೂ ಜೊತೆಗೆ ತನ್ನಿ, ಅದರ ತೋಡು ನೋಡ್ಬೇಕು.